ಔರಾದಕ್ಕೆ ಕಾಣದ ಭಾಲ್ಕಿ

ಶೇವಂತಾಬಾಯಿಯ ಮನೆ ಬಾಗಿಲಿಗೆ ಬಂದು ನಿಂತವನು ಮುಕಾದಮನ ಕಡೆಯ ಮನುಷ್ಯ. ನಾಲ್ಕು ದಿನದ ಹಿಂದೆ ಅವಳು ಔರಾದಕ್ಕೆ ಹೋಗಿ ಬರೆಸಿದ್ದ ತಕರಾರನ್ನು ಒಂದಕ್ಷರ ಬಿಡದೆ ಅವಳಿಗೇ ಒಪ್ಪಿಸಿದ.

"ಸೊಸಿಗಿ ಜ್ವರ ಅದ, ಟೋಳಿಯವರು ಮನಿಗಿ ಬಿಡವಲ್ಲರು ಅಂತ ಬರೆಸಿದ್ದಿ, ಹೌದಲ್ಲ? ಮೊಮ್ಮಗಳು ಯಾವ ಹಾಸ್ಟೆಲ್‌ನಾಗ ಅದಾಳ ಅನ್ನೋದೂ ನಮಗ ಗೊತ್ತದ," ಅಂದು ಹೋದ.

ಎರಡು ಸಾವಿರದ ಹದಿನಾರರ ಜನವರಿ ಅದು. ಮಳೆ ಸತತವಾಗಿ ಕೈಕೊಟ್ಟು, ಔರಾದ ಕಡೆಯ ಅರ್ಧಕ್ಕರ್ಧ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಹಾಗೆ ಹೋಗುವವರನ್ನು ಟೋಳಿ, ಅಂದರೆ ಗುಂಪು, ಕಟ್ಟಿ ಕರೆದೊಯ್ಯುವವನು ಮುಕಾದಮ. ಹಿಂದೆ ಉಳಿದ ಮಕ್ಕಳಿಗಾಗಿ ಬೀದರಿನ ಒಂದು ಟ್ರಸ್ಟು ಭಾಲ್ಕಿ ತಾಲೂಕಿನಲ್ಲಿ ಐದು ಹಾಸ್ಟೆಲ್ ನಡೆಸುತ್ತಿತ್ತು. ಹೋದವರಿಗೆ ಏನಾದರೂ ತೊಂದರೆಯಾದರೆ ಬರೆದುಕೊಳ್ಳಲು ಔರಾದದಲ್ಲಿ ಒಂದು ಕೋಣೆ ಹಿಡಿದು, ಖುರ್ಷಿದ ಬೇಗಂ ಎಂಬ ಗಟ್ಟಿ ಹೆಂಗಸನ್ನು ಕೂರಿಸಿತ್ತು. ಮುಖ್ಯ ಆಫೀಸು ಬೀದರಿನ ಮೈಲೂರಿನಲ್ಲಿ. ಮೂರೂ ಕಡೆಯ ಕಂಪ್ಯೂಟರು ನೋಡಿಕೊಳ್ಳುವವಳು ನಲಿನಿ.

ಸುದ್ದಿ ತಿಳಿದ ಮರುದಿನವೇ ನಲಿನಿ ಔರಾದದ ಬಸ್ಸು ಹತ್ತಿದಳು. ಜನವಾಡ ದಾಟಿ ಮಾಂಜ್ರಾ ಸೇತುವೆ ಬಂದಾಗ ಕೆಳಗೆ ನೀರಿರಲಿಲ್ಲ. ಯಾರೋ ಹೊಳೆಯ ಒಡಲಲ್ಲಿ ವರತೆ ತೋಡುತ್ತಿದ್ದರು. ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಆ ಮಾತುಗಳು ಕೋಣೆ ಬಿಟ್ಟು ಹೊರಗೆ ಹೋದದ್ದು ಹೇಗೆ?

ಉತ್ತರ ಸಿಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕೋಣೆಯ ಕೆಳಗೆ ಒಂದು ಝೆರಾಕ್ಸ್ ಅಂಗಡಿ. ಇಂಟರ್‌ನೆಟ್ಟಿನ ವೈರು ಬರುತ್ತಿದ್ದದ್ದು ಆ ಅಂಗಡಿಯಿಂದಲೇ. ನಲಿನಿ ಕೆಳಗಿಳಿದು, ಎರಡು ಹಾಳೆ ಪ್ರಿಂಟ್ ತೆಗೆಯಬೇಕೆಂದು ಹೇಳಿ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಳು. ಸುತ್ತಲಿನ ಕಂಪ್ಯೂಟರುಗಳ ಪಟ್ಟಿ ತೆರೆದಳು. ತಕರಾರಿನ ಫೋಲ್ಡರು ಅಲ್ಲೇ ಇತ್ತು, ಪಕ್ಕದಲ್ಲೇ ಮಕ್ಕಳ ರಜಿಸ್ಟರೂ ಇತ್ತು. ಒತ್ತಿದರೆ ತೆರೆಯಿತು. ಬೀಗವಿಲ್ಲ, ಚಿಲಕವಿಲ್ಲ.

ಅದನ್ನು ಹಾಗೆ ತೆರೆದಿಟ್ಟವಳು ನಲಿನಿಯೇ. ದೀಪಾವಳಿ ಹೊತ್ತಿಗೆ ಕೋಣೆಯ ಪ್ರಿಂಟರು ಕೆಟ್ಟಿತ್ತು. ಖುರ್ಷಿದ ಬೇಗಂಗೆ ಅಂಗಡಿಯಲ್ಲೇ ಪ್ರಿಂಟ್ ತೆಗೆಯಲು ಅನುಕೂಲವಾಗಲೆಂದು ದಾರಿ ಮಾಡಿಕೊಟ್ಟು, ಆಮೇಲೆ ಮುಚ್ಚುವುದನ್ನು ಮರೆತಿದ್ದಳು. ಅಂಗಡಿಗೆ ನೂರು ಜನ ಬಂದು ಹೋಗುತ್ತಾರೆ. ಓದಿದವನು ಯಾರೆಂದು ಹುಡುಕುವುದರಲ್ಲಿ ಅರ್ಥವಿರಲಿಲ್ಲ.

ಆ ಮಧ್ಯಾಹ್ನ ಅವಳು ಶೇವಂತಾಬಾಯಿಯ ಊರಿಗೆ ಹೋದಳು. "ಮಾವಶಿ, ತಪ್ಪು ನಂದೇ. ನಾನೇ ಬಾಗಿಲು ತೆರೆದಿಟ್ಟಿದ್ದೆ," ಅಂದಳು.

ಮುದುಕಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ತಕರಾರು ಹಿಂದ ತಗೊಳಂಗಿಲ್ಲ ಬಾಯಿ. ಖರೆ, ಕೂಸಿಗಿ ಏನಾದ್ರ ಆದ್ರ ನಿನ್ನ ಮನಿ ಮುಂದ ಬಂದು ಕುಂಡ್ರತೀನಿ," ಅಂದಳು.

ಅಲ್ಲಿಂದಲೇ ನಲಿನಿ ಭಾಲ್ಕಿಗೆ ಫೋನು ಮಾಡಿದಳು. ಹಾಸ್ಟೆಲ್‌ಗಳನ್ನು ನೋಡಿಕೊಳ್ಳುವ ಕಾಶೀರಾಮ ಕಾಕಾ ಅಂದೇ ಸಂಜೆಯೊಳಗೆ ಆ ಹುಡುಗಿಯನ್ನು ಬೇರೊಂದು ಹಾಸ್ಟೆಲ್‌ಗೆ ಸೇರಿಸಿದರು. ಯಾವುದಕ್ಕೆ ಎಂಬುದು ಅವರಿಗೆ ಮತ್ತು ನಲಿನಿಗೆ ಮಾತ್ರ ಗೊತ್ತು.

ಮುಂದಿನ ವಾರವೆಲ್ಲ ಓಡಾಟವೇ. ಮೂರೂ ಕಡೆ ಇದ್ದದ್ದು ಹಳೆಯ ಕಂಪ್ಯೂಟರುಗಳು. ವೈರಸ್ಸಿನ ಕಾಟಕ್ಕೆ ಬೇಸತ್ತು ನಲಿನಿ ಹಿಂದೆಯೇ ಅವಕ್ಕೆಲ್ಲ ಲಿನಕ್ಸ್ ಹಾಕಿದ್ದಳು. ಈಗ ಅವುಗಳ ನಡುವೆ ಯಾರ ಕಣ್ಣಿಗೂ ಬೀಳದ ಜಾಲ ಕಟ್ಟಬೇಕಿತ್ತು. ಅದೂ ಒಂದಲ್ಲ, ಎರಡು. ಔರಾದದಿಂದ ಬೀದರಿಗೆ ತಕರಾರಿನ ಜಾಲ. ಭಾಲ್ಕಿಯಿಂದ ಬೀದರಿಗೆ ಮಕ್ಕಳ ಜಾಲ. ಎರಡೂ ಬೀದರಿನ ಕಂಪ್ಯೂಟರಿಗೆ ಬಂದು ಸೇರಿದರೂ ಒಂದರೊಳಗಿನದು ಇನ್ನೊಂದಕ್ಕೆ ದಾಟಬಾರದು.

"ವೈರ್ ಅಂತೂ ಅದೇ ಅಂಗಡಿದು. ಮತ್ತ ಗುಪ್ತ ಹ್ಯಾಂಗ ಆಗ್ತದ ನಲಿನಿಬಾಯಿ?" ಖುರ್ಷಿದ ಬೇಗಂ ಕೇಳಿದಳು.

"ವೈರ್ ಅದೇ ಇರಲಿ ಆಪಾ. ನಮ್ಮ ಮಾತು ಇಲ್ಲೇ ಬೀಗ ಹಾಕ್ಕೊಂಡು ಹೊಂಡ್ತದ, ಬೀದರಿನಾಗೇ ತೆರಿತದ. ನಡುವಿನವರಿಗೆ ಏನೋ ಹೊಂಟದ ಅಂತ ಕಾಣ್ತದ, ಏನು ಅಂತ ತಿಳಿಯಂಗಿಲ್ಲ."

"ಹಂಗಂದ್ರ ಪರದಾ ಕಟ್ಟಿದ ಟಾಂಗಾ. ರಸ್ತಾ ಎಲ್ಲಾರದು, ಒಳಗ ಯಾರ ಕುಂತಾರಂತ ಕಾಣಂಗಿಲ್ಲ."

"ಹಾಂ, ಅದೇ ನೋಡ್ರಿ."

ಎರಡೂ ತುದಿಯ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸಲು ಮೂವತ್ತೆರಡು ಅಂಕಿ ಅಕ್ಷರಗಳ ಉದ್ದನೆಯ ಗುರುತೊಂದಿತ್ತು. ಅದನ್ನು ಇ-ಮೇಲಿನಲ್ಲಿ ಕಳಿಸಲು ನಲಿನಿಗೆ ಧೈರ್ಯವಾಗಲಿಲ್ಲ. ಅವಳು ಬೀದರಿನಲ್ಲಿ ಕೂತಳು, ಖುರ್ಷಿದ ಬೇಗಂ ಔರಾದದಿಂದ ಫೋನಿನಲ್ಲಿ ಓದಿದಳು. ಇಂಗ್ಲಿಷಿನ ಬಿ, ಡಿ, ಇ ಕಿವಿಗೆ ಒಂದೇ ಥರ ಕೇಳಿಸಿದವು. ಕೊನೆಗೆ ಖುರ್ಷಿದ ಬೇಗಂ ತಾನೇ ಒಂದು ಉಪಾಯ ಹೂಡಿದಳು. "ಬರಕೋರಿ. ಎರಡು, ಔರಾದದ ಎ. ಏಳು, ಬೀದರಿನ ಬಿ. ಚಿಂಚೋಳಿ ಸಿ, ಮತ್ತ ಚಿಂಚೋಳಿ." ಮೂವತ್ತೆರಡೂ ತಾಳೆಯಾದವು.

ಭಾಲ್ಕಿಯದು ಎರಡು ದಿನ ಕಾಡಿತು. ಅಲ್ಲಿ ಇದ್ದದ್ದು ಮೊಬೈಲ್ ಸಿಮ್ಮಿನ ಡಾಂಗಲ್. ಸಣ್ಣ ಸಂದೇಶ ಹೋಗುತ್ತಿತ್ತು, ರಜಿಸ್ಟರು ತೆರೆದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಬೀಗ ಹಾಕಿದ ಮೇಲೆ ಗಂಟು ದಪ್ಪವಾಗಿ ಆ ಕಿಂಡಿಯಲ್ಲಿ ತೂರುತ್ತಿಲ್ಲವೆಂದು ತಿಳಿದು, ನಲಿನಿ ಗಂಟುಗಳನ್ನೇ ಸಣ್ಣದಾಗಿ ಕಟ್ಟುವಂತೆ ಮಾಡಿದಳು. ಸರಿಹೋಯಿತು.

ಕೊನೆಯ ದಿನ ಔರಾದಕ್ಕೆ ಹೋಗಿ ಪರೀಕ್ಷೆ ಮಾಡಿದಳು. ಕಂಪ್ಯೂಟರಿನಿಂದ ಬೀದರನ್ನು ಕರೆದಳು, ಬೀದರು ಓಗೊಟ್ಟಿತು. ಭಾಲ್ಕಿಯನ್ನು ಕರೆದಳು, ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದಳು, ಇಲ್ಲ. ಅವಳಿಗೆ ಬೇಕಿದ್ದದ್ದೂ ಅದೇ. ಕೆಳಗಿನ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದರೆ ಮೇಲಿನ ಕೋಣೆಯಲ್ಲಿ ಕಂಪ್ಯೂಟರು ಇರುವ ಕುರುಹೂ ಇರಲಿಲ್ಲ. ಅಂದು ಅವಳು ನೆಮ್ಮದಿಯಿಂದ ಬಸ್ಸಿನಲ್ಲಿ ನಿದ್ದೆ ಹೋದಳು.

ಆ ನೆಮ್ಮದಿ ಹದಿನೈದು ದಿನವೂ ಉಳಿಯಲಿಲ್ಲ. ಫೆಬ್ರುವರಿಯ ಒಂದು ಬೆಳಿಗ್ಗೆ ಖುರ್ಷಿದ ಬೇಗಂಗೆ ಫೋನು ಬಂತು. ಆ ಕಡೆ ಕಸ್ತೂರಿಬಾಯಿ, ಶೇವಂತಾಬಾಯಿಯ ಸೊಸೆ. ಜ್ವರದಲ್ಲೇ ಕಬ್ಬಿನ ಗದ್ದೆಯಲ್ಲಿದ್ದವಳು ಯಾರದೋ ಫೋನು ಬೇಡಿ ತೆಗೆದುಕೊಂಡಿದ್ದಳು.

"ನನ್ನ ಮಗಳು ಮೊದಲಿನ ಹಾಸ್ಟೆಲ್‌ನಾಗ ಇಲ್ಲಂತ ಹೇಳ್ಯಾರ. ಎಲ್ಲಿ ಅದಾಳ್ರಿ? ಆರಾಮ ಅದಾಳ ಇಲ್ಲೋ?"

ಖುರ್ಷಿದ ಬೇಗಂ ಹುಡುಕಿದಳು. ಅವಳ ಕಂಪ್ಯೂಟರಿನಲ್ಲಿ ಈಗ ಮಕ್ಕಳ ರಜಿಸ್ಟರೇ ಇರಲಿಲ್ಲ. ಇನ್ನೊಂದು ಫೋನಿನಿಂದ ಕಾಶೀರಾಮರಿಗೆ ಹಚ್ಚಿದಳು, ಎತ್ತಲಿಲ್ಲ. ನಲಿನಿ ಬಗದಲ್‌ನಲ್ಲಿದ್ದಳು, ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಆ ಕಡೆಯ ಫೋನು ಕಡಿದುಹೋಯಿತು.

ಸಂಜೆ ಫೋನಿನಲ್ಲಿ ಸಿಕ್ಕ ನಲಿನಿಯನ್ನು ಖುರ್ಷಿದ ಬೇಗಂ ಬಿಡಲಿಲ್ಲ. "ಕಳ್ಳರಿಗಿ ಕಾಣಬಾರದಂತ ಗ್ವಾಡಿ ಕಟ್ಟಿದ್ರಿ, ಚಲೋ ಆತು. ಹೆತ್ತವ್ವಗೂ ಗ್ವಾಡೀನೇ ಆತಲ್ರಿ! 'ಗೊತ್ತಿಲ್ಲ' ಅಂದೆ ನಾನು. ಆಕಿ ಅಳೋದು ಈ ಕಿವಿಲೆ ಕೇಳೀನಿ."

ನಲಿನಿ ಫೋನಿಟ್ಟಳು. ಬೀದರಿನ ಕಂಪ್ಯೂಟರಿನ ಮುಂದೆ ಕೂತಳು. ಎರಡು ಜಾಲಗಳ ನಡುವಿನ ತಡೆ ತೆಗೆಯಲು ಒಂದು ಸಾಲು ಬರೆದರೆ ಸಾಕಿತ್ತು. ಬರೆದಳು. ಎಂಟರ್ ಒತ್ತುವ ಮೊದಲು ದೀಪಾವಳಿಯಲ್ಲಿ ಅನುಕೂಲಕ್ಕೆಂದು ತೆರೆದ ದಾರಿ ನೆನಪಾಯಿತು. ಸಾಲನ್ನು ಅಳಿಸಿದಳು.

ಎರಡು ದಿನ ಯೋಚಿಸಿ ಬೇರೆಯದೇ ವ್ಯವಸ್ಥೆ ಮಾಡಿದಳು. ಪ್ರತಿ ಮಗುವಿಗೂ ಒಂದು ನಂಬರು. ತಕರಾರು ಬರೆಸಿದವರ ಮಕ್ಕಳ ನಂಬರನ್ನು ಖುರ್ಷಿದ ಬೇಗಂಗೆ ಬಾಯಿಮಾತಿನಲ್ಲೇ ಹೇಳಿದಳು. ಕಾಶೀರಾಮ ಕಾಕಾ ದಿನಾ ಸಂಜೆ ಆ ನಂಬರಿನ ಮುಂದೆ ಒಂದೇ ಸಾಲು ಬರೆಯಬೇಕು. ಬೀದರಿನ ಕಂಪ್ಯೂಟರು ಆ ಸಾಲನ್ನು ಮಾತ್ರ ಎತ್ತಿ ಔರಾದದ ಕಡೆ ಇಡುತ್ತದೆ. ಊರಿಲ್ಲ, ಹೆಸರಿಲ್ಲ. ಔರಾದದಿಂದ ಭಾಲ್ಕಿಗೆ ದಾರಿ ಇಲ್ಲವೇ ಇಲ್ಲ.

"ಒಂದ ಸಾಲಿನಾಗ ಕೂಸಿನ ಸುದ್ದಿ ಹ್ಯಾಂಗ ಬರೀಲಿ ನಲಿನಿಬಾಯಿ?" ಕಾಶೀರಾಮ ಗೊಣಗಿದರು. ಆದರೂ ಬರೆದರು. 'ಎರಡು ರೊಟ್ಟಿ ತಿಂದಾಳ. ಮುಂದಿನ ಹಲ್ಲು ಬಿದ್ದದ.'

ಆ ಮೊದಲ ಸಾಲು ಬಂದ ಒಂಬತ್ತು ದಿನದ ಮೇಲೆ ಕಸ್ತೂರಿಬಾಯಿಯ ಫೋನು ಮತ್ತೆ ಬಂತು. ಖುರ್ಷಿದ ಬೇಗಂ ಒಂಬತ್ತೂ ದಿನದ ಸಾಲುಗಳನ್ನು ಓದಿ ಹೇಳಿದಳು. ಹಲ್ಲಿನ ಸುದ್ದಿಗೆ ಆ ಕಡೆ ನಗುವೋ ಅಳುವೋ ಕೇಳಿಸಿತು. "ಎಲ್ಲಿ ಅದಾಳ?" ಅಂದಾಗ, "ನನಗೂ ಗೊತ್ತಿಲ್ಲವ್ವ, ಗೊತ್ತಾಗಬಾರದಂತ ಮಾಡ್ಯಾರ. ನೀ ಎಲ್ಲಿ ಅದಿ ಅದನ್ನ ಹೇಳು," ಅಂದಳು. ಕಸ್ತೂರಿಬಾಯಿ ಸಕ್ಕರೆ ಕಾರ್ಖಾನೆಯ ಹೆಸರನ್ನೂ ಗದ್ದೆಯ ಗುರುತನ್ನೂ ಹೇಳಿದಳು. ತಕರಾರಿನಲ್ಲಿ ಇಷ್ಟು ದಿನ ಖಾಲಿ ಇದ್ದದ್ದು ಅದೊಂದೇ ಕಾಲಮ್ಮು.

ಅದೇ ವಾರ ಔರಾದದ ಕೋಣೆಗೆ ಒಬ್ಬ ಬಂದ. ತಾನು ಕಸ್ತೂರಿಬಾಯಿಯ ತಮ್ಮ, ಹುಡುಗಿಯ ಸೋದರಮಾವ, ನೋಡಿಕೊಂಡು ಬರಬೇಕು, ವಿಳಾಸ ಕೊಡಿ ಎಂದ. ಅಂಗಿ ಗರಿಗರಿಯಾಗಿತ್ತು. ಹುಡುಗಿಯ ಹೆಸರು ಕೇಳಿದರೆ ತಡವರಿಸಿದ. ಖುರ್ಷಿದ ಬೇಗಂ ತಕರಾರಿಗೆ ಬೀಗ ಹಾಕಿ, ಮಕ್ಕಳ ಸಾಲುಗಳನ್ನು ತೆರೆದು ಕಂಪ್ಯೂಟರನ್ನು ಅವನ ಕಡೆಗೇ ತಿರುಗಿಸಿದಳು.

"ನೋಡ್ರಿ, ನೀವೇ ಹುಡುಕ್ರಿ. ಈ ಮಿಷನ್‌ನಾಗ ಇಲ್ಲ, ನನ್ನ ತಲಿಯಾಗೂ ಇಲ್ಲ. ಖುದಾ ಕಸಮ್."

ಅವನು ನೋಡಿದ. ನಂಬರುಗಳು, ರೊಟ್ಟಿಯ ಸುದ್ದಿ, ನೆಗಡಿಯ ಸುದ್ದಿ. ಕುರ್ಚಿ ದೂಡಿ ಎದ್ದುಹೋದ. ಅವನು ಮೆಟ್ಟಿಲಿಳಿದ ಮೇಲೆ ಅವಳು ಬಾಗಿಲಿಗೆ ಚಿಲಕ ಹಾಕಿದಳು. ನಲಿನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

ಮಾರ್ಚ್ ಮೊದಲ ವಾರ, ಟ್ರಸ್ಟು ಕಳಿಸಿದ ತಕರಾರು ಹಿಡಿದು ಕಾರ್ಮಿಕ ಇಲಾಖೆಯವರು ಪೊಲೀಸರೊಡನೆ ಆ ಗದ್ದೆಗೆ ಹೋಗಿ ಕಸ್ತೂರಿಬಾಯಿಯನ್ನೂ ಇನ್ನೂ ಆರು ಜನರನ್ನೂ ಕರೆತಂದರು. ಬೀದರಿನ ಆಸ್ಪತ್ರೆಯಲ್ಲಿ ಐದು ದಿನ ಮಲಗಿ ಎದ್ದವಳನ್ನು ನಲಿನಿ ಭಾಲ್ಕಿಗೆ ಕರೆದೊಯ್ದಳು. ಬಸ್ಸಿನಲ್ಲಿ ಕಸ್ತೂರಿಬಾಯಿ ಕಿಟಕಿಯಾಚೆ ನೋಡುತ್ತಲೇ ಅಂದಳು: "ಎರಡು ತಿಂಗಳು ನನ್ನ ಮಗಳ ಠಿಕಾಣಿ ನಿಮಗ ಗೊತ್ತಿತ್ತು. ನನಗ ಗೊತ್ತಿರಲಿಲ್ಲ."

"ಹೌದು," ಅಂದಳು ನಲಿನಿ. ಬೇರೆ ಏನು ಹೇಳಿದರೂ ಅದು ನೆಪವಾಗುತ್ತಿತ್ತು.

ಹುಡುಗಿ ಮೊದಲು ಗುರುತು ಹಿಡಿಯಲಿಲ್ಲ. ತಾಯಿ ಅಷ್ಟು ಇಳಿದುಹೋಗಿದ್ದಳು. ದನಿ ಕೇಳಿದ ಮೇಲೆ ಓಡಿಬಂದು ಸೊಂಟ ಹಿಡಿದವಳು ಬಿಡಲಿಲ್ಲ. ಕಾಶೀರಾಮ ಕಾಕಾ, ಹದಿನೈದು ದಿನದಲ್ಲಿ ಪರೀಕ್ಷೆ ಇದೆ, ಈಗ ಕರೆದೊಯ್ದರೆ ವರ್ಷ ಹಾಳಾಗುತ್ತದೆ ಅಂದರು. ಕಸ್ತೂರಿಬಾಯಿ ಅವರ ಮುಖ ನೋಡಿದಳು, ಮಗಳ ಮುಖ ನೋಡಿದಳು.

"ಹಂಗಾರ ನಾನೂ ಇಲ್ಲೇ ಇರ್ತೇನಿ," ಅಂದು ಚೀಲವನ್ನು ಗೋಡೆಗೆ ಆನಿಸಿ ಇಟ್ಟು, ಮಗಳ ಜಡೆ ಬಿಚ್ಚಿ ಹೊಸದಾಗಿ ಹೆಣೆಯಲು ಕೂತಳು.