ಮೂವತ್ತು ದಿನದ ನಾಡಿ

ಆಪರೇಷನ್‌ಗೆ ಕರೆದೊಯ್ಯುವ ಗಾಲಿಮಂಚ ವಾರ್ಡಿನ ಬಾಗಿಲಿಗೆ ಬಂದು ನಿಂತಿತ್ತು. ಗಡಿಯಾರ ರಿಪೇರಿಯವನು ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಹೆಂಡತಿಯನ್ನು ನಗಿಸುತ್ತಿದ್ದ. "ನೋಡೇ, ಹಿಂದುಗಡೆ ಪೂರ್ತಿ ಬಯಲು. ಹೊಲಿದವನಿಗೆ ಬಟ್ಟೆ ಸಾಲ್ಲಿಲ್ವೋ, ನಾಚಿಕೆ ಸಾಲ್ಲಿಲ್ವೋ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅವನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ನಿಂಬೆಹಣ್ಣಿಗಿಂತ ದಪ್ಪ ಉಬ್ಬಿತ್ತು. ಒಡೆದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟೂ ಹೊತ್ತಿರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಉಬ್ಬು ತೆಗೆದು ಕೊಳವೆ ಹೊಲಿಯುವುದು ಒಂದು ಕಷ್ಟವಾದರೆ, ಅಷ್ಟು ಹೊತ್ತು ಹೃದಯವನ್ನು ಕಾಪಾಡಿಕೊಳ್ಳುವುದು ಇನ್ನೂ ದೊಡ್ಡ ಕಷ್ಟ ಎಂದು ಅರಿವಳಿಕೆ ಕೊಡುವ ಡಾಕ್ಟರಮ್ಮ ತಿಂಗಳ ಹಿಂದೆಯೇ ಬಿಡಿಸಿ ಹೇಳಿದ್ದರು. ರಕ್ತ ತಡೆಯಲು ನಾಳಕ್ಕೆ ಇಕ್ಕಳ ಹಾಕಿದಾಗಲೂ ಬಿಟ್ಟಾಗಲೂ ಭಾರವೆಲ್ಲ ಹೃದಯದ ಮೇಲೆ. ಇವನದು ಮೊದಲೇ ಬಳಲಿದ ಹೃದಯ. ಓಡಿದರೆ ಸೋಲುತ್ತದೆ, ನಿಧಾನ ನಡೆದರೆ ದಡ ಸೇರುತ್ತದೆ. ಅದಕ್ಕೇ ಬಡಿತ ನಿಧಾನ ಮಾಡುವ ಬಿಳಿ ಮಾತ್ರೆ, ದಿನಕ್ಕೊಂದು. ಬೆಳಿಗ್ಗೆ ನಾಡಿ ಎಣಿಸಿ ಬರೆದಿಡಬೇಕು. ಒಂದು ದಿನವೂ ತಪ್ಪುವಂತಿಲ್ಲ.

ಮಾತ್ರೆ ಕೊಟ್ಟು ಬರೆಯುವುದು ಅವಳ ಪಾಲು, ಎಣಿಸುವುದು ಅವನ ಪಾಲು. ನಲವತ್ತು ವರ್ಷ ಸೆಕೆಂಡಿನ ಮುಳ್ಳಿನ ಜೊತೆ ಬಾಳಿದವನಿಗೆ ಎಣಿಸುವುದನ್ನು ಯಾರು ಹೇಳಿಕೊಡಬೇಕು? ಮಣಿಕಟ್ಟಿಗೆ ಬೆರಳಿಟ್ಟು ಒಂದು ನಿಮಿಷ ಕಣ್ಣುಮುಚ್ಚಿ, "ಬರ್ಕೊಳ್ಳಿ ಗುಮಾಸ್ತರೇ, ಅರವತ್ತೆರಡು" ಎನ್ನುತ್ತಿದ್ದ. ಅವಳು ಸ್ಕೇಲಿಟ್ಟು ಗೆರೆ ಎಳೆದು ಗುಂಡಗೆ ಬರೆಯುತ್ತಿದ್ದಳು.

ಈಗ ನರ್ಸು ಅವನ ಬೆರಳಿಗೆ ನಾಡಿ ಎಣಿಸುವ ಕ್ಲಿಪ್ಪು ಸಿಕ್ಕಿಸಿದಳು. ತೆಗೆದು ಇನ್ನೊಂದು ಬೆರಳಿಗೆ ಸಿಕ್ಕಿಸಿದಳು. ಆಮೇಲೆ ಹೋಗಿ ಡಾಕ್ಟರಮ್ಮನನ್ನು ಕರೆತಂದಳು.

"ನಿನ್ನೆ ಅರವತ್ತೊಂದು ಅಂತ ಬರೆದಿದೀರಿ. ಇವತ್ತು ತೊಂಬತ್ತಾರು," ಎಂದು ಡಾಕ್ಟರಮ್ಮ ಪುಸ್ತಕದ ಹಾಳೆ ತಿರುವಿದರು. "ಮಾತ್ರೆ ಯಾರು ಕೊಡ್ತಿದ್ರು?"

"ನಾನೇ, ಕೈಯಾರೆ," ಎಂದಳು ಹೆಂಡತಿ.

"ನುಂಗಿದ್ದನ್ನ ನೋಡಿದ್ರಾ?"

ಗಡಿಯಾರದವನು ಸೂರು ನೋಡುತ್ತಿದ್ದ. "ಮೊದಲನೇ ವಾರ ನುಂಗಿದೆ ಡಾಕ್ಟ್ರೇ. ಬೆರಳು ತಣ್ಣಗಾಗೋಕೆ ಶುರುವಾಯ್ತು. ಚಿಮಟದಲ್ಲಿ ಕೂದಲೆಳೆ ಸ್ಪ್ರಿಂಗು ನಿಲ್ತಿರಲಿಲ್ಲ. ಗಿರಾಕಿ ಎದುರಿಗೇ ಎರಡು ಸಲ ಬಿತ್ತು. ಮುದುಕನ ಕೈ ಹೋಯ್ತು ಅಂದ್ರೆ ಅಂಗಡಿಗೆ ಯಾರು ಬರ್ತಾರೆ?"

"ಆಮೇಲೆ ಮಾತ್ರೆ ಏನು ಮಾಡಿದ್ರಿ?"

"ನಾಲಿಗೆ ಕೆಳಗೆ ಇಟ್ಕೊಂಡು, ಆಮೇಲೆ ಕರ್ಚೀಫಿಗೆ."

"ನಾಡಿ?"

"ಒಂದು ಒಳ್ಳೆ ಅಂಕೆ ಹೇಳ್ತಿದ್ದೆ."

ಹೆಂಡತಿಗೆ ಮೊದಲು ಸಿಟ್ಟು ಬರಲಿಲ್ಲ, ಭಯ ಬಂತು. "ಈಗ ಕೊಡಿ ಡಾಕ್ಟ್ರೇ, ಬೇಕಾದ್ರೆ ಎರಡು ಕೊಡಿ!"

"ಇವತ್ತು ಶುರು ಮಾಡಿ ಇವತ್ತೇ ಕೊಯ್ಯೋಕಾಗಲ್ಲಮ್ಮ. ರಕ್ತದೊತ್ತಡ ಕುಸಿದು ಮೆದುಳಿಗೆ ಹೊಡೆತ ಬೀಳಬಹುದು. ಸ್ವಲ್ಪಸ್ವಲ್ಪವೇ ಏರಿಸ್ಬೇಕು. ಮೂರು ವಾರ."

"ಅಷ್ಟರಲ್ಲಿ ಅದು ಒಡೆದ್ರೆ?"

ಡಾಕ್ಟರಮ್ಮ ಪುಸ್ತಕ ಮುಚ್ಚಿದರು. "ಒಡೀದೇ ಇರ್ಲಿ ಅಂತ ಕಾಯೋದು."

ಖಾಲಿ ಗಾಲಿಮಂಚ ಹಿಂದಕ್ಕೆ ಹೋಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾದಿನಿ ಎದ್ದು ಬಂದಳು. ವಿಷಯ ಕೇಳಿ ಸೆರಗಿನ ತುದಿ ಹೊಸೆಯತೊಡಗಿದಳು. "ಅಣ್ಣನ್ನ ಬೈಬೇಡಿ ಅತ್ತಿಗೆ. ಇಷ್ಟು ದೂರ ಹೋಗತ್ತೆ ಅಂತ ನನಗೂ ಹೊಳೀಲಿಲ್ಲ."

"ನಿನಗೆ ಗೊತ್ತಿತ್ತಾ?"

"ಅಂಗಡಿಗೆ ಹೋದಾಗ ಹೇಳಿದ. 'ನಿಮ್ಮತ್ತಿಗೆ ಬಾಯಿಮಾತಾದ್ರೆ ಅನುಮಾನ ಪಡ್ತಾಳೆ ಕಣೇ, ತಾನೇ ಬರೆದಿದ್ದನ್ನ ಮಾತ್ರ ಪಡಲ್ಲ' ಅಂತ ನಕ್ಕ." ನಾದಿನಿ ತಲೆ ತಗ್ಗಿಸಿದಳು. "ನಾನೂ ನಕ್ಕೆ."

ನೆಚ್ಚಿದ ಎಮ್ಮೆ ಕೋಣ ಈಯಿತು ಅಂತಾರಲ್ಲ, ಹಾಗಾಯಿತು. ಬೆರಳು ತಣ್ಣಗಾದ ಸಂಕಟ ಅವಳಿಗೆ ಅರ್ಥವಾಗುತ್ತಿತ್ತು. ಹೇಳಿದ್ದರೆ ಅದೇ ಬೆರಳನ್ನು ಅಂಗೈಯಲ್ಲಿಟ್ಟು ಉಜ್ಜುತ್ತಿದ್ದಳು, ಡಾಕ್ಟರಮ್ಮನ ಹತ್ತಿರ ಓಡಿಬಂದು ಬೇರೆ ಮಾತ್ರೆ ಕೇಳುತ್ತಿದ್ದಳು. ಆದರೆ ಅಣ್ಣ ತಂಗಿ ಅಂಗಡಿಯಲ್ಲಿ ಕೂತು ನಕ್ಕಿದ್ದನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ. ಅವನ ಸುಳ್ಳಿಗೆ ತಾನೇ ಗುಂಡಗೆ ಅಕ್ಷರ ಕೊಟ್ಟಿದ್ದಳು, ಗೆರೆ ಎಳೆದು.

ಮಧ್ಯಾಹ್ನ ಡಾಕ್ಟರಮ್ಮ ಮತ್ತೆ ಬಂದರು. "ಮೂರು ವಾರ ಇಲ್ಲೇ ಹಾಸಿಗೆ ಕೊಡ್ತೀವಿ. ಇಲ್ಲಾ ಮನೆಗಾದ್ರೆ, ಮಾತ್ರೆ ಜವಾಬ್ದಾರಿ ನೀವು ಹೊರಬೇಕಮ್ಮ."

"ಮನೆಗೇ ಡಾಕ್ಟ್ರೇ," ಎಂದ ಗಡಿಯಾರದವನು ತಟ್ಟನೆ. "ಇವಳಿದಾಳಲ್ಲ."

'ಆಗಲಿ' ಎಂಬ ಮಾತು ಅಭ್ಯಾಸಬಲದಿಂದ ಅವಳ ನಾಲಿಗೆ ತುದಿಯವರೆಗೂ ಬಂತು. ಅವಳು ಅದನ್ನು ನುಂಗಿಕೊಂಡಳು.

"ಇಲ್ಲೇ ಇರ್ಲಿ."

"ಏನೇ ಇದು! ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಇಲ್ಲ. ನನ್ನ ಮೇಲೂ ಇಲ್ಲ ಕಣ್ರೀ. ನೀವು ಅರವತ್ತೆರಡು ಅಂದ್ರೆ ನಾಳೇನೂ ಈ ಕೈ ಬರ್ಕೊಳ್ಳತ್ತೆ."

ಅವನು ಹಸಿರು ಅಂಗಿಯ ಹಿಂಭಾಗವನ್ನು ಎಳೆದು ಮುಚ್ಚಿಕೊಂಡ. ನರ್ಸು ಅರ್ಧ ಮಾತ್ರೆ, ನೀರು ಹಿಡಿದು ಬಂದಳು. ಅವನು ನುಂಗಿದ. "ಬಾಯಿ ತೆಗೀರಿ ತಾತ. ನಾಲಿಗೆ ಮೇಲೆತ್ತಿ."

ಅವನು ಹೆಂಡತಿಯ ಕಡೆ ನೋಡಿದ, ಸ್ವಲ್ಪ ಹೊರಗೆ ಹೋಗಬಾರದೇ ಎನ್ನುವಂತೆ. ಅವಳು ಹೋಗಲಿಲ್ಲ. ನರ್ಸಿನ ಪಕ್ಕಕ್ಕೆ ಬಂದು ಬಗ್ಗಿ, ತಾನೂ ನೋಡಿದಳು.