ಕುಮ್‌ಹೆಲಿಗ್ ಹೆಂಗಸರು ಅಳಲಿಲ್ಲ

ಟೀವಿಯವರು ನಮ್ಮ ಬೀದಿಗೆ ಬಂದು ಮೊದಲು ಮಾಡಿದ ಕೆಲಸ ಕೊಳೆ ಬಳಿದದ್ದು. ಕಲ್ಲಿದ್ದಲು ಗಣಿ ಮುಚ್ಚಿ ಒಂದು ತಲೆಮಾರೇ ಕಳೆದಿತ್ತು. ವೇಲ್ಸಿನ ಗಣಿ ಊರಾದ ನಮ್ಮ ಕುಮ್‌ಹೆಲಿಗ್‌ನ ಮನೆಗಳಿಗೆ ಈಗ ನಿಂಬೆಹಳದಿ, ಆಕಾಶನೀಲಿ, ತಿಳಿಗುಲಾಬಿ ಬಣ್ಣ. ಅವರು ಮನೆಯವರನ್ನೆಲ್ಲ ಒಪ್ಪಿಸಿ, ತೊಳೆದರೆ ಹೋಗುವ ಮಸಿಯನ್ನು ಎರಚಿ, ಇಡೀ ಸಾಲನ್ನು ಬೂದು ಮಾಡಿಟ್ಟರು. ಆ ವಾರ ಒಳ್ಳೆಯ ಬಿಸಿಲಿತ್ತು. ಅದಕ್ಕೂ ಅವರ ಹತ್ತಿರ ಮದ್ದಿತ್ತು: ಟ್ಯಾಂಕರ್ ತರಿಸಿ ಮಳೆ ಸುರಿಸಿದರು.

ಐರ್ಲಿಸ್ ಪ್ರಾಸರ್ ಮಾತ್ರ ತನ್ನ ಬಾಗಿಲು ಮುಟ್ಟಲು ಬಿಡಲಿಲ್ಲ.

"ಮುಷ್ಕರದ ವರ್ಷ ಈ ಬಾಗಿಲು ಕೆಂಪಗೆ ಹೊಳೀತಿತ್ತು. ನನ್ನ ಗಂಡ ಕೆಲಸಕ್ಕೆ ಹೋಗ್ತಿರ್ಲಿಲ್ವಲ್ಲ, ಬಣ್ಣ ಹೊಡೆಯೋಕೆ ಬೇಕಾದಷ್ಟು ಪುರುಸೊತ್ತಿತ್ತು," ಎಂದು ಬಣ್ಣದ ಹುಡುಗರನ್ನು ವಾಪಸು ಕಳಿಸಿದಳು.

ನಾನು ಡಿಲಿಸ್, ಐರ್ಲಿಸಳ ಪಕ್ಕದ ಮನೆಯವಳು. ಗಣಿ ಮುಚ್ಚಬಾರದೆಂದು ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ನಡೆದ ಮುಷ್ಕರದಲ್ಲಿ ನಮ್ಮ ಗಂಡಂದಿರು ವರ್ಷಪೂರ್ತಿ ಗಣಿಗೆ ಇಳಿಯದೆ ಕೂತಾಗ, ಊರಿನ ಸಭಾಭವನದಲ್ಲಿ ಎಲ್ಲ ಮನೆಗಳಿಗೂ ಅಡುಗೆ ಮಾಡಿ ಬಡಿಸಿದ ಗುಂಪಿನಲ್ಲಿ ನಾನು, ಐರ್ಲಿಸ್, ನೆಸ್ತಾ ಮೂವರೂ ಇದ್ದೆವು. ಆಗ ನಮಗೆ ಎಳೆಯ ಮಕ್ಕಳಿದ್ದರು. ಈಗ ಎಪ್ಪತ್ತು ದಾಟಿದೆ. ಆ ವರ್ಷದ ಮೇಲೆ ಟೀವಿ ನಾಟಕ ತೆಗೆಯುತ್ತಾರೆ, ದೃಶ್ಯಗಳಲ್ಲಿ ಹಿಂದೆ ಕೂರಲು ಊರಿನ ಜನವೇ ಬೇಕಂತೆ ಎಂದು ಗೊತ್ತಾದಾಗ ಮೊದಲು ಹೆಸರು ಕೊಟ್ಟವರು ನಾವೇ. ನಮ್ಮ ಪಾತ್ರಕ್ಕೆ ಬೇರೆಡೆಯಿಂದ ಚೆಂದದ ಹುಡುಗಿಯರು ಬಂದಿದ್ದರು. ನಮಗೆ ನಮ್ಮ ಅತ್ತೆಯರ ಪಾತ್ರ.

ಉಡುಪಿನವರು ನಮಗೆಲ್ಲ ಮಾಸಲು ಕಂದು ಶಾಲು ಹಂಚಿದರು. ನೆಸ್ತಾ ತನ್ನದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ನಮ್ಮತ್ತೆ ಪ್ರತಿ ಶುಕ್ರವಾರ ಕೂದಲು ಸುರುಳಿ ಮಾಡಿಸ್ಕೊಳ್ತಿದ್ರು ಕಣೇ. ಶಾಲು ಹೊದ್ದು ಕೂತದ್ದನ್ನ ನಾನಂತೂ ನೋಡಿಲ್ಲ."

"ಟೀವೀಲಿ ನಾವೆಲ್ಲ ಹೊದ್ಕೊಂಡೇ ಇರ್ತೀವಿ," ಅಂದೆ.

"ನಿಜ ಬಿಡು. ಬಂಗಲೆಯವರು ಚಹಾ ಕುಡೀತಾರೆ, ಲಂಡನ್ನಿನವರು ಪ್ರೀತಿ ಮಾಡ್ತಾರೆ, ವೇಲ್ಸಿನವರು ಮಳೇಲಿ ನಿಂತು ಅಳ್ತಾರೆ. ಬ್ರಿಟನ್ ಅಂದ್ರೆ ಇಷ್ಟೇ."

ನಿರ್ದೇಶಕಿಯ ಹೆಸರು ಟ್ಯಾಮ್ಸಿನ್. ಮೂವತ್ತರ ಆಸುಪಾಸಿನ, ಲಂಡನ್ನಿನ ಹತ್ತಿರದವಳು. ಕೆಟ್ಟವಳಲ್ಲ, ಮುಷ್ಕರದ ಬಗ್ಗೆ ರಾಶಿ ಓದಿದ್ದಳು, ನಮ್ಮನ್ನು ಕಂಡರೆ ಚರ್ಚಿನೊಳಗೆ ಬಂದವಳಂತೆ ದನಿ ತಗ್ಗಿಸುತ್ತಿದ್ದಳು. ಅಂದಿನ ದೃಶ್ಯ ಕ್ರಿಸ್‌ಮಸ್‌ನ ಊಟ. ಸಭಾಭವನದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಉದ್ದ ಮೇಜುಗಳ ಮೇಲೆ ತಗಡಿನ ಬಟ್ಟಲು ಇಟ್ಟಿದ್ದರು. ನಾವು ಮಾತಾಡದೆ ಸೂಪಿನ ಬಟ್ಟಲನ್ನೇ ನೋಡುತ್ತ ಕೂರಬೇಕು. ನಾಯಕಿಯ ಪಾತ್ರದ ಹುಡುಗಿ ಹ್ಯಾರಿಯೆಟ್ ಬಡಿಸುತ್ತ ಬರುತ್ತಾಳೆ. ಯಾರೋ ಒಬ್ಬಳು ಬಿಕ್ಕುತ್ತಾಳೆ.

"ಆ ದಿನದ ಹಸಿವು ನೆನಪಿಸ್ಕೊಳ್ಳಿ," ಎಂದಳು ಟ್ಯಾಮ್ಸಿನ್ ಮೆಲ್ಲಗೆ.

ಎಲ್ಲರೂ ತಲೆ ತಗ್ಗಿಸಿದೆವು. ಕ್ಯಾಮೆರಾ ಓಡತೊಡಗಿತು. ನೆಸ್ತಾ ನನ್ನ ಕಿವಿಯಲ್ಲಿ, "ಡಬ್ಬಿ ಬೀಟ್‌ರೂಟ್ ನೆನಪಿದ್ಯಾ?" ಎಂದಳು. ನನ್ನ ಮೂಗಿನಿಂದ ಒಂದು ಸದ್ದು ಹೊರಬಿತ್ತು. ಅಲ್ಲಿಂದ ಆಚೆ ಮೇಜುಗಳುದ್ದಕ್ಕೂ ಹೆಗಲುಗಳು ಕುಣಿಯತೊಡಗಿದವು.

ವಿಷಯ ಇಷ್ಟು. ಆ ಚಳಿಗಾಲ ಪೂರ್ವ ಯುರೋಪಿನ ಗಣಿಯವರು ನಮಗೆ ಲಾರಿಯಲ್ಲಿ ಊಟದ ಡಬ್ಬಿ ಕಳಿಸಿದ್ದರು. ಮೇಲಿನ ಅಕ್ಷರ ನಮ್ಮಲ್ಲಿ ಒಬ್ಬರಿಗೂ ಓದಲು ಬಾರದು. ತೆರೆದರೆ ಮೀನೋ, ಎಲೆಕೋಸೋ, ಹಂದಿ ಕೊಬ್ಬೋ ಯಾರಿಗೆ ಗೊತ್ತು. ಹಾಗಾಗಿ ಅದೊಂದು ಆಟವೇ ಆಯಿತು. ಒಬ್ಬರು ಡಬ್ಬಿ ಎತ್ತಿ ಅಲುಗಾಡಿಸಿ ಒಳಗೇನಿದೆ ಎಂದು ಕೂಗಬೇಕು. ತಪ್ಪಿದರೆ ಪಾತ್ರೆ ತೊಳೆಯಬೇಕು. ನೆಸ್ತಾ ಪ್ರತಿಸಲ ಮಾಂಸ ಎಂದು ಕೂಗುವಳು, ಪ್ರತಿಸಲ ಬೀಟ್‌ರೂಟ್ ಬರುವುದು. ಇಡೀ ಸಭಾಭವನ ಅದಕ್ಕಾಗಿಯೇ ಕಾದು ಕೂರುತ್ತಿತ್ತು.

ಟ್ಯಾಮ್ಸಿನ್ ಚಿತ್ರೀಕರಣ ನಿಲ್ಲಿಸಿ ಹತ್ತಿರ ಬಂದಳು. ಐರ್ಲಿಸ್ ಡಬ್ಬಿಯ ಕಥೆ ಹೇಳಿದಳು. ಟ್ಯಾಮ್ಸಿನ್ ನಕ್ಕಳು, ಆಮೇಲೆ ಇಲ್ಲವೆಂದು ತಲೆಯಾಡಿಸಿದಳು.

"ಚೆನ್ನಾಗಿದೆ. ಆದ್ರೆ ಇಲ್ಲಿ ಹಾಕಕ್ಕಾಗಲ್ಲ. ನೋಡೋರಿಗೆ ನಿಮ್ಮ ಕಷ್ಟ ತಲುಪ್ಬೇಕಲ್ವಾ?"

"ಕಷ್ಟ ತಲುಪತ್ತೆ ಕಂದಾ. ನಾವು ತಲುಪಲ್ಲ."

"ಜನ ನಂಬಲ್ಲ ಐರ್ಲಿಸ್. ಮುಷ್ಕರದ ಮಧ್ಯೆ, ಕ್ರಿಸ್‌ಮಸ್ ದಿನ, ಹೊಟ್ಟೆಗಿಲ್ದೋರು ಹೀಗೆ ನಗ್ತಾ ಇದ್ರು ಅಂದ್ರೆ."

"ಯಾಕೆ ನಂಬಲ್ಲ? ಟೀವೀಲಿ ನೋಡಿಲ್ಲ, ಅದಕ್ಕೆ."

ಟ್ಯಾಮ್ಸಿನ್ ಗಡಿಯಾರ ನೋಡಿ, ದಯವಿಟ್ಟು ಬರೆದ ಹಾಗೇ ಮಾಡೋಣ ಎಂದಳು. ಐರ್ಲಿಸ್ ಶಾಲನ್ನು ನೀಟಾಗಿ ಮಡಚಿ ಬಟ್ಟಲಿನ ಪಕ್ಕ ಇಟ್ಟಳು.

"ಹಾಗಾದ್ರೆ ನಾವು ಹೊರಗೆ ಕೂತಿರ್ತೀವಿ," ಎಂದು ಎದ್ದಳು.

ನಾನು ಎದ್ದೆ. ನೆಸ್ತಾ ಎದ್ದಳು. ಮೇಜಿನಿಂದ ಮೇಜಿಗೆ ಕುರ್ಚಿ ಎಳೆಯುವ ಸದ್ದು ಹರಿದು ಹೋಯಿತು. ಎಲ್ಲರೂ ಸಭಾಭವನದ ಮೆಟ್ಟಿಲ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತೆವು. ಮುಷ್ಕರ ಮಾಡುವುದನ್ನು ಕುಮ್‌ಹೆಲಿಗ್‌ನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪೊಲೀಸ್ ವೇಷ ಹಾಕಿದ್ದ ಬೇಕರಿಯ ಹ್ಯೂ ಕೂಡ ಬಂದು ನಮ್ಮ ಮಧ್ಯೆ ಜಾಗ ಮಾಡಿಕೊಂಡ.

"ಆಗ ನಿಮ್ಮೋರು ಲಾಠಿ ಹಿಡ್ಕೊಂಡು ಎದುರಿಗೆ ನಿಂತಿದ್ರು," ಎಂದಳು ನೆಸ್ತಾ. "ಈಗ ಬುದ್ಧಿ ಬಂತಾ?"

"ಟೋಪಿ ಹಾಕಿ ಸೆಕೆ ಆಯ್ತು ಅಕ್ಕಾ," ಎಂದ ಹ್ಯೂ.

ಒಳಗೆ ದೀಪದವರು, ಕ್ಯಾಮೆರಾದವರು ಕೈಕಟ್ಟಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಟ್ಯಾಮ್ಸಿನ್ ಹೊರಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ಐರ್ಲಿಸಳ ಕೆಳಗಿನ ಮೆಟ್ಟಿಲಲ್ಲಿ ಕೂತಳು.

"ನೀವು ಅಳ್ಲೇ ಇಲ್ವಾ ಹಾಗಾದ್ರೆ?"

ಐರ್ಲಿಸ್ ಅತ್ತದ್ದು ನನಗೆ ಗೊತ್ತು. ಮಗಳ ಸೈಕಲ್ ಮಾರಿದ ದಿನ ನನ್ನ ಅಡುಗೆಮನೆಯಲ್ಲಿ ನೆಲಕ್ಕೆ ಕುಸಿದು ಅತ್ತಿದ್ದಳು. ಆಮೇಲೆ ಮುಖ ತೊಳೆದು, ನನ್ನದೇ ಲಿಪ್‌ಸ್ಟಿಕ್ ಹಚ್ಚಿಕೊಂಡು ಆಲೂಗಡ್ಡೆ ಸುಲಿಯಲು ಸಭಾಭವನಕ್ಕೆ ಬಂದಿದ್ದಳು.

"ಅತ್ತಿದ್ದೀವಿ," ಎಂದಳು. "ಮನೇಲಿ, ಬಾಗಿಲು ಹಾಕ್ಕೊಂಡು. ಇಲ್ಲಿಗೆ ಬರ್ತಿದ್ದದ್ದು ನಗೋಕೆ. ದಿನಾ ಸೂಪಿನ ಬಟ್ಲು ನೋಡ್ಕೊಂಡು ಸುಮ್ನೆ ಕೂತಿದ್ರೆ ಎರಡು ವಾರಕ್ಕೆ ಮುಗಿದುಹೋಗ್ತಿತ್ತು ಆ ಮುಷ್ಕರ. ಒಂದು ವರ್ಷ ತಡ್ಕೊಂಡ್ವಿ. ಹೇಗೆ ಅಂತ ನಿನ್ನ ನಾಟಕದಲ್ಲಿ ಎಲ್ಲಾದ್ರೂ ಬರತ್ತಾ?"

ಟ್ಯಾಮ್ಸಿನ್ ಕೈಲಿದ್ದ ನಾಟಕದ ಹಾಳೆಗಳನ್ನು ತಿರುವಿ ಹಾಕಿದಳು.

"ಬರಲ್ಲ," ಎಂದಳು.

"ಸರಿ. ನಿಂದೊಂದು ಸಲ ಮಾಡೋಣ, ನಮ್ದೊಂದು ಸಲ ಮಾಡೋಣ."

ಮೊದಲು ಅವಳದ್ದು ಮಾಡಿಕೊಟ್ಟೆವು. ನೆಸ್ತಾ ಎಷ್ಟು ಚೆನ್ನಾಗಿ ಮುಖ ಸಣ್ಣ ಮಾಡಿಕೊಂಡಳೆಂದರೆ ಕ್ಯಾಮೆರಾದವನು ಅವಳ ಹತ್ತಿರ ಬಂದು ನಿಂತ. ಆಮೇಲೆ ನಮ್ಮದು. ಅಂಗಡಿಯಿಂದ ತರಹೇವಾರಿ ಡಬ್ಬಿ ತರಿಸಿ ಕಾಗದ ಕಿತ್ತುಹಾಕಿದೆವು. ಹ್ಯಾರಿಯೆಟ್‌ಗೆ ಆಟ ಹೇಳಿಕೊಟ್ಟೆವು. ಹುಡುಗಿ ಮೊದಲು ನಟಿಸುತ್ತಿದ್ದಳು. ಡಬ್ಬಿ ಅಲುಗಾಡಿಸಿ, ಟೊಮೆಟೊ ಎಂದು ಕೂಗಿ, ತೆರೆದಾಗ ಅನಾನಸ್ ಬಂದಮೇಲೆ ನಟಿಸಲಿಲ್ಲ. ನೆಸ್ತಾ ಮಾಂಸ ಎಂದು ಕೂಗಿ ಬೀಟ್‌ರೂಟ್ ಎತ್ತಿ ತೋರಿಸಿದಾಗ ದೀಪ ಹಿಡಿದವನೂ ಜೋರಾಗಿ ನಕ್ಕುಬಿಟ್ಟ. ಟ್ಯಾಮ್ಸಿನ್ 'ಕಟ್' ಹೇಳುವುದನ್ನೇ ಮರೆತಳು.

ವಸಂತದಲ್ಲಿ, ಟೀವಿಯಲ್ಲಿ ಬರುವ ಮುಂಚಿನ ಶನಿವಾರ ಮಧ್ಯಾಹ್ನ, ಅವಳೇ ನಾಟಕ ತಂದು ಸಭಾಭವನದಲ್ಲಿ ನಮಗೆ ತೋರಿಸಿದಳು. ಊರಿಗೆ ಊರೇ ಸೇರಿತ್ತು. ಕ್ರಿಸ್‌ಮಸ್ ಊಟ ಬಂತು. ಮೊದಲು ನೆಸ್ತಾಳ ಸಣ್ಣ ಮುಖ. ಆಮೇಲೆ ನಮ್ಮ ನಗು, ಡಬ್ಬಿ, ಹ್ಯಾರಿಯೆಟ್, ಎಲ್ಲವೂ ಇತ್ತು. ದನಿ ಮಾತ್ರ ಇರಲಿಲ್ಲ. ನಮ್ಮ ಬಾಯಿಗಳು ನಿಧಾನವಾಗಿ ತೆರೆದು ಮುಚ್ಚುತ್ತಿದ್ದವು, ಮೇಲೆ ಒಂದೇ ಒಂದು ಪಿಟೀಲು ಅಳುತ್ತಿತ್ತು. ಸತ್ತವರ ಹಳೆಯ ಚಿತ್ರ ನೋಡುತ್ತಿದ್ದೇವೇನೋ ಎನ್ನಿಸುವ ಹಾಗೆ.

ಮುಗಿದಾಗ ಜನ ಚಪ್ಪಾಳೆ ತಟ್ಟಿದರು, ಮರ್ಯಾದೆಗೆ. ಟ್ಯಾಮ್ಸಿನ್ ಮುಖ ಕೆಂಪಾಗಿತ್ತು.

"ಸಂಗೀತ ನನ್ನ ಕೈಲಿರ್ಲಿಲ್ಲ," ಎಂದಳು. "ಮೇಲಿನೋರು ಹಾಕಿಸಿದ್ದು. ಜಗಳ ಆಡಿದೆ."

"ಆಡಿರ್ತೀಯ," ಎಂದಳು ಐರ್ಲಿಸ್. "ಈಗ ಆ ಊಟ ಇನ್ನೊಂದು ಸಲ ಹಾಕು. ಪಿಟೀಲು ನಿಲ್ಸಿ ಹಾಕು."

ಟ್ಯಾಮ್ಸಿನ್ ಸದ್ದು ಪೂರ್ತಿ ತೆಗೆದಳು. ಪರದೆಯ ಮೇಲೆ ಐರ್ಲಿಸ್ ಬಾಯಿ ತೆರೆದಳು. ಪರದೆಯ ಮುಂದೆ ನಿಂತ ಐರ್ಲಿಸ್ ತನ್ನ ಮಾತು ತಾನೇ ಆಡಿದಳು.

"ಈ ಡಬ್ಬೀಲಿ ಬೀಟ್‌ರೂಟ್ ಇದ್ರೆ ನೆಸ್ತಾನ ಲಾರಿ ಹತ್ತಿಸಿ ವಾಪಸ್ ಕಳಿಸ್ಬಿಡಿ."

"ನಾನ್ ರೆಡಿ, ಅಲ್ಲಿ ಗಂಡಸ್ರು ಹೇಗಿದಾರೆ?" ಎಂದು ಕೂತಲ್ಲಿಂದಲೇ ನೆಸ್ತಾ.

ಪರದೆಯಲ್ಲಿ ನಾನು ಏನೋ ಕಿರುಚುತ್ತಿದ್ದೆ, ಅದನ್ನು ಕಿರುಚಿದೆ. ಹ್ಯೂ ಎದ್ದು ತನ್ನದೂ ಒಂದು ಮಾತು ಕೂಗಿದ. ಯಾರು ಏನು ಅಂದಿದ್ದರೆಂದು ಎಲ್ಲರಿಗೂ ನೆನಪಿತ್ತು. ನೆನಪಿಲ್ಲದವರು ಹೊಸದಾಗಿ ಸೇರಿಸಿದರು. ನಮ್ಮ ಮಕ್ಕಳು, ಅವರ ಮಕ್ಕಳು ಹೊಟ್ಟೆ ಹಿಡಿದುಕೊಂಡರು. ಮೂರು ಸಲ ಹಾಕಿಸಿದೆವು. ಕೊನೆಯ ಸಲ ಟ್ಯಾಮ್ಸಿನ್ ಯಂತ್ರದ ಹತ್ತಿರ ಇರಲಿಲ್ಲ. ಮುಂದಿನ ಸಾಲಿನಲ್ಲಿ ನೆಸ್ತಾಳ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಟೀವಿಯಲ್ಲಿ ಪಿಟೀಲಿನ ಸಮೇತವೇ ಬಂತು. ಒಂದು ಪತ್ರಿಕೆಗೆ ನೆಸ್ತಾಳ ಮುಖದಲ್ಲಿ ಒಂದು ಜನಾಂಗದ ಮೂಕದುಃಖ ಕಂಡಿತಂತೆ. ಅವಳು ಅದನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿ, ಬಂದವರಿಗೆಲ್ಲ ಓದಿ ಹೇಳಿದಳು.

ವಾರ ಕಳೆದು ಟ್ಯಾಮ್ಸಿನ್ ಐರ್ಲಿಸ್‌ಗೆ ಫೋನ್ ಮಾಡಿದಳು. ಇನ್ನೊಂದು ನಾಟಕ ಬರೆಯಬೇಕೆಂದಿದ್ದೇನೆ, ಬರೆಯುವ ಮೊದಲೇ ಬಂದು ನಿಮ್ಮ ಜೊತೆ ಕೂರಬಹುದೇ, ಬುಧವಾರ ಆಗುತ್ತದೆಯೇ ಎಂದು ಕೇಳಿದಳು.

"ಬುಧವಾರ ಬಿಂಗೋ ಆಟ ಇದೆ," ಎಂದಳು ಐರ್ಲಿಸ್. "ಗುರುವಾರ ಬಾ."

ಬಂದಳು. ಐರ್ಲಿಸ್ ಚಹಾ ಮಾಡಿ, ಬಿಸಿ ವೆಲ್ಷ್‌ಕೇಕ್ ತಟ್ಟೆ ಅವಳ ಮುಂದೆ ತಳ್ಳಿ, ನಮ್ಮಿಬ್ಬರನ್ನೂ ಕರೆದು ಕೂರಿಸಿ, ನಾವು ಬಸ್ ತುಂಬ ಹೆಂಗಸರು ಲಂಡನ್ನಿಗೆ ಮೆರವಣಿಗೆಗೆ ಹೋಗಿ ದಾರಿ ತಪ್ಪಿ ಯಾರದೋ ಮದುವೆಯಲ್ಲಿ ಊಟ ಮಾಡಿಕೊಂಡು ಬಂದ ಕಥೆ ಶುರು ಮಾಡಿದಳು. ಮೊದಲನೆಯ ವಾಕ್ಯಕ್ಕೇ ನೆಸ್ತಾ, "ದಾರಿ ತಪ್ಸಿದ್ದು ನಾನಲ್ಲ," ಎಂದಳು.