ಹೋಬರ್ಟನ ಕಪ್ಪೆ

ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನೆಂದರೆ ಎಲ್ಮರನಿಗೆ ಪ್ರಾಣ. ಅದಕ್ಕೇ ಲುವೆಲ್ಲಾ ಒಳ್ಳೊಳ್ಳೆಯ ತುಂಡುಗಳನ್ನೇ ಆರಿಸಿ ಬುಟ್ಟಿ ತುಂಬಿಕೊಂಡು ಸಮುದಾಯ ಭವನಕ್ಕೆ ಹೊರಟಳು. ಎಲ್ಮರ್ ಅವಳ ತೀರಿಹೋದ ತಂಗಿಯ ಗಂಡ. ಭವನದ ಬಾಗಿಲಿಗೆ ಅವನೇ ಬರೆದ ಹಲಗೆ ತೂಗುತ್ತಿತ್ತು: 'ಟ್ಲಿಂಗಿಟ್ ಚಿತ್ರಕಲೆ. ಕುಂಚ ಹಿಡಿದೇ ಗೊತ್ತಿಲ್ಲದವರೂ ಬನ್ನಿ.' ಟ್ಲಿಂಗಿಟ್ ಎಂದರೆ ಆ ಉತ್ತರದ ಕಡಲತೀರದ ಮೂಲನಿವಾಸಿಗಳು, ಅವರ ಜನ.

ಹೋದ ಚಳಿಗಾಲ ಅವಳ ಅಣ್ಣ ಹೋಬರ್ಟ್ ತೀರಿಕೊಂಡಿದ್ದ. ಅವನ ವರ್ಷದ ಔತಣ ಹತ್ತಿರ ಬಂದಿತ್ತು. ಅಜ್ಜಿಯ ಕಾಲದ, ಮರದ ಪೆಟ್ಟಿಗೆಯಂತಿದ್ದ ಪೆಟ್ಟಿಗೆ-ಡೋಲು ಹಳೇ ಮನೆಯ ಜೊತೆ ಸುಟ್ಟುಹೋದಾಗ, ಅದರ ಮೇಲಿದ್ದ ಕಪ್ಪೆಯನ್ನು ನೆನಪಿನಿಂದಲೇ ಉಳಿಸಿದವನು ಹೋಬರ್ಟ್. ಕಣ್ಣೊಳಗೆ ಇನ್ನೊಂದು ಪುಟ್ಟ ಮುಖವಿರುವ ಕಪ್ಪೆ. ಅದು ಅವರ ತಾಯಿಯ ಕುಲದ ಗುರುತು. ಅವರ ಜನರಲ್ಲಿ ಕಾಗೆ, ಹದ್ದು ಎಂದು ಎರಡು ಕಡೆ; ಈ ಕುಲ ಕಾಗೆಯ ಕಡೆಯದು. ತಮ್ಮ ಗುರುತನ್ನು ತಾವೇ ಬರೆದುಕೊಳ್ಳುವುದು ಸಲ್ಲದು. ಎದುರು ಕಡೆಯವರ, ಅಂದರೆ ಹದ್ದಿನ ಕಡೆಯವರ, ಕೈಯಲ್ಲೇ ಬರೆಸಬೇಕು. ಹೆಣ್ಣು ಕೊಟ್ಟು ತರುವುದೂ ಅವರಲ್ಲೇ, ಸತ್ತರೆ ಹೊರುವವರೂ ಅವರೇ. ಎಲ್ಮರ್ ಆ ಕಡೆಯವನು. ಔತಣದಲ್ಲಿ ಚಿತ್ರವನ್ನು ಹೊರತೆಗೆದು, ಬರೆದವನನ್ನು ಹೆಸರು ಹಿಡಿದು ಕೂಗಿ, ಎಲ್ಲರೆದುರು ಉಡುಗೊರೆ ಕೊಡಬೇಕು. ಅಲ್ಲಿಯತನಕ ಅದು ಪರರ ಕಣ್ಣಿಗೆ ಬೀಳಬಾರದು.

"ನನ್ನ ಔತಣದ ಹೊಸ ಡೋಲಿಗೆ ಎಲ್ಮರನ ಕೈ ಬಿಟ್ಟು ಬೇರೆ ಕೈ ಬೇಡ" ಎಂದು ಹೋಬರ್ಟ್ ಹಾಸಿಗೆಯಲ್ಲೇ ಹೇಳಿದ್ದ. ರಟ್ಟಿನಲ್ಲಿ ತಾನೇ ಕತ್ತರಿಸಿದ ಕಪ್ಪೆಯ ಅಚ್ಚನ್ನು ಎಲ್ಮರನ ಕೈಗೇ ಇಟ್ಟಿದ್ದ.

ಭವನದಲ್ಲಿ ಮೇಜಿನ ತುಂಬ ಹಳೇ ಪೇಪರು, ಬಣ್ಣ, ಕಾಫಿ. ಹಡಗಿನಿಂದಿಳಿದ ಪ್ರವಾಸಿಗಳು ಬಗ್ಗಿ ಗೆರೆ ಎಳೆಯುತ್ತಿದ್ದರು. ಎಲ್ಮರ್ ನಡುವೆ ಓಡಾಡುತ್ತಿದ್ದ. "ಏನ್ರೀ ಇದು, ಎಲ್ಲಾ ಒಂದೇ ದಪ್ಪ! ಗೆರೆ ಉಬ್ಬಬೇಕು, ಆಮೇಲೆ ಸಣ್ಣಗಾಗ್ಬೇಕು. ನೀವು ದೋಣಿ ಕಟ್ಟೋ ಹಗ್ಗ ಬರ್ದಿದ್ದೀರಿ!" ಎಲ್ಲರೂ ನಕ್ಕರು. ಲುವೆಲ್ಲಾ ಕೂಡ ನಕ್ಕಳು. ನಗುತ್ತಲೇ ಹತ್ತಿರದ ಹಾಳೆಯತ್ತ ಕಣ್ಣು ಹಾಯಿಸಿದಳು.

ಕಪ್ಪೆ. ಅದರ ಕಣ್ಣೊಳಗೆ ಪುಟ್ಟ ಮುಖ.

"ಚೆನ್ನಾಗಿದ್ಯಾ?" ಎಂದಳು ಬರೆಯುತ್ತಿದ್ದ ಬಿಳಿಗೂದಲಿನ ಹೆಂಗಸು. "ಮನೇಲಿ ಫ್ರಿಡ್ಜ್ ಮೇಲೆ ಅಂಟಿಸ್ತೀನಿ."

ಪಕ್ಕದ ಹಾಳೆಯಲ್ಲೂ ಅದೇ ಕಪ್ಪೆ, ಅದರಾಚೆಯದರಲ್ಲೂ ಅದೇ. ಹೋಬರ್ಟನ ರಟ್ಟಿನ ಅಚ್ಚು ಅಂಚಿಗೆಲ್ಲ ಬಣ್ಣ ಮೆತ್ತಿಕೊಂಡು ಕೈಯಿಂದ ಕೈಗೆ ಹೋಗುತ್ತಿತ್ತು. ಲುವೆಲ್ಲಾ ಎಲ್ಮರನತ್ತ ತಿರುಗಿದಳು.

"ಎಲ್ಮರ್, ಇದೇನಿದು?"

"ಓ, ಅತ್ತಿಗೆ! ಸಾಲ್ಮನ್ ಘಮಘಮ ಅಂದಾಗ್ಲೇ ಅಂದ್ಕೊಂಡೆ, ನೀವೇ ಅಂತ."

"ಸಾಲ್ಮನ್ ಹಾಳಾಗ್ಲಿ. ಇದು ಹೋಬರ್ಟನ ಕಪ್ಪೆ."

ಅವನ ನಗು ಅರ್ಧಕ್ಕೇ ನಿಂತಿತು. ದನಿ ತಗ್ಗಿಸಿದ. "ಹೊಸಬರು ಅತ್ತಿಗೆ, ಸ್ವಂತ ಬರೆಯೋಕೆ ಬರಲ್ಲ. ಅಚ್ಚು ಬೇಕಿತ್ತು, ಇದು ಕೈಗೆ ಸಿಕ್ತು. ಇವರಿಗೇನು ಗೊತ್ತಾಗುತ್ತೆ? ಬರೀ ಕಪ್ಪೆ ಅಂತಾರೆ."

"ಇವರಿಗೆ ಗೊತ್ತಿಲ್ಲ ಸರಿ. ನಿಂಗೆ ಗೊತ್ತಿತ್ತಲ್ಲ? ನಿಮ್ಮ ಹದ್ದನ್ನೇ ಬರೆಸಬಹುದಿತ್ತು. ಅದಕ್ಕೇನು ರೆಕ್ಕೆ ಮುರಿದಿತ್ತಾ?"

"ಅಯ್ಯೋ, ನಮ್ಮ ಹಿರಿಯರು ಸುಮ್ನೆ ಬಿಡ್ತಾರಾ?" ಎಂದುಬಿಟ್ಟ. ಅಂದಮೇಲೆ ತುಟಿ ಕಚ್ಚಿಕೊಂಡ.

"ಹೋ! ನಿಮ್ಮವರು ಬದುಕಿದ್ದಾರೆ, ಕೇಳ್ತಾರೆ. ನಮ್ಮವನು ಮಣ್ಣಾಗಿದ್ದಾನೆ, ಕೇಳೋರಿಲ್ಲ. ಅಷ್ಟೇ ತಾನೆ?"

ಉಂಡ ಮನೆಯ ಗಳ ಹಿರಿಯುವುದು ಎಂದರೆ ಇನ್ನೇನು? ಹೋಬರ್ಟ್ ಮಲಗಿದಾಗ ಇದೇ ಎಲ್ಮರ್ ದಿನವೂ ಬಂದು ತಮಾಷೆ ಮಾಡಿ ನಗಿಸುತ್ತಿದ್ದ. ಅದನ್ನೆಲ್ಲ ನಿಜವೆಂದು ನಂಬಿದ್ದಳಲ್ಲ, ಆ ನಂಬಿಕೆಯೇ ಈಗ ಅವಳನ್ನು ಸುಡುತ್ತಿತ್ತು.

ಅವಳು ಬುಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಹೋದಳು. ಒಬ್ಬೊಬ್ಬರ ಮುಂದೂ ಮೀನಿನ ತುಂಡಿಟ್ಟಳು. "ನಮ್ಮ ಗುರುತನ್ನ ನೋಡಿದವರನ್ನ ಬರಿಗೈಲಿ ಕಳಿಸಬಾರದು. ಇದನ್ನ ತಗೊಳ್ಳಿ. ಹಾಳೆ ನಂಗೆ ಕೊಡಿ."

ಬಿಳಿಗೂದಲಿನ ಹೆಂಗಸು ಎರಡೂ ಕೈಯಲ್ಲಿ ಹಾಳೆ ಕೊಟ್ಟಳು. "ನಮ್ಮಿಂದ ತಪ್ಪಾಯ್ತಾ?"

"ನಿಮ್ಮಿಂದಲ್ಲ ಕಣಮ್ಮ."

ಎಲ್ಮರನ ಹತ್ತಿರ ಬರುವಷ್ಟರಲ್ಲಿ ಬುಟ್ಟಿಯಲ್ಲಿ ಒಂದು ತುಂಡೂ ಉಳಿದಿರಲಿಲ್ಲ. ರಟ್ಟನ್ನು ಅವನ ಮೇಜಿನಿಂದ ಎತ್ತಿ, ಹಾಳೆಗಳ ಜೊತೆ ಬುಟ್ಟಿಗೆ ಹಾಕಿಕೊಂಡು ಹೊರಟಳು. ಸಂಜೆ ಅವನ ಕೊಟ್ಟಿಗೆಯಿಂದ, ಅವನು ಬರೆಯುತ್ತಿದ್ದ ಹೊಸ ಪೆಟ್ಟಿಗೆ-ಡೋಲನ್ನೂ ಹೊತ್ತು ತಂದಳು. ಕಪ್ಪು ಗೆರೆ ಮುಗಿದಿತ್ತು, ಕೆಂಪು ಇನ್ನೂ ತುಂಬಿರಲಿಲ್ಲ.

ಬೇರೆಯವರಿಂದ ತುಂಬಿಸೋಣವೆಂದರೆ ಅಣ್ಣನ ಮಾತು ಅಡ್ಡ ಬಂತು. ಔತಣದ ದಿನ ಕಪ್ಪೆ ಹಾಗೇ, ಬಾಯಿಗೆ ಕೆಂಪಿಲ್ಲದೆ ಹೊರಗೆ ಬಂತು. ಡೋಲು ಬಾರಿಸಿದರು, ಹಾಡಿದರು, ಅತ್ತರು. ಆಮೇಲೆ ಲುವೆಲ್ಲಾ ಹದ್ದಿನ ಕಡೆಯವರ ಹೆಸರು ಕೂಗುತ್ತ ಹೋದಳು: ಹೆಣ ಹೊತ್ತವರಿಗೆ ಕಂಬಳಿ, ಗುಂಡಿ ತೋಡಿದವರಿಗೆ ಕಂಬಳಿ, ಅಡುಗೆ ಮಾಡಿದವರಿಗೆ ಹಣ್ಣಿನ ಜಾಡಿ. ಕೊನೆಗೆ ಉಳಿದದ್ದು ಬರೆದವನ ಸರದಿ. ಅವನಿಗೆಂದೇ ಬೇಸಿಗೆಯಿಡೀ ಕೂತು ಬಿಳಿ ಚಿಪ್ಪಿನ ಗುಂಡಿಗಳನ್ನು ಹೊಲಿದು ಸಿಂಗರಿಸಿದ್ದ ಕಂಬಳಿ ಅವಳ ತೋಳಿನ ಮೇಲಿತ್ತು. ಸಭೆ ಕಾಯುತ್ತಿತ್ತು. ಹೋಬರ್ಟ್ ಕೊನೆಯ ದಿನಗಳಲ್ಲಿ ಮತ್ತೆಮತ್ತೆ ಕರೆಯುತ್ತಿದ್ದ ಹೆಸರು ಅದು. ಅವಳು ಅದನ್ನು ಕೂಗಲಿಲ್ಲ. ಗೆದ್ದೆನೆಂದು ಅವಳಿಗೆ ಅನ್ನಿಸಲೇ ಇಲ್ಲ, ಸಂಕಟವೇ ಆಯಿತು.

ಅವಳು ಕಂಬಳಿಯನ್ನು ಕಪ್ಪೆಯ ಮೇಲೆ ಹೊದಿಸಿದಳು.

ಹಿಂದಿನ ಸಾಲಿನಲ್ಲಿ ಎಲ್ಮರ್ ಆಗಲೇ ಅರ್ಧ ಎದ್ದಿದ್ದ. ಹಾಗೇ ಮತ್ತೆ ಕುಳಿತುಕೊಂಡ.